ಕ್ರಿಸ್ಮಸ್‌ನಲ್ಲಿ ಯೇಸುವಿಗೆ ಮೊದಲ ಜಾಗ

ಡಿಸೆಂಬರ್ ಬಂದರೆ ನಮ್ಮ ಮಂಗಳೂರಿನ ಮನೆಗಳಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಗಡಿಬಿಡಿ. ನೆವ್ರಿ, ಕಿಡಿಯೋ, ಗುಳಿಯೋ ಎಲ್ಲ ಇರಲಿ. ಆದರೆ ಹಬ್ಬ ಯಾರದ್ದು ಅಂತ ಮಕ್ಕಳಿಗೆ ಗೊತ್ತಾಗಬೇಕಲ್ವಾ?

ಬೈಬಲಿನ ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯಗಳಿವೆ. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿ. ಟಿವಿ ಆಫ್ ಮಾಡಿ, ಮಕ್ಕಳ ಕೈಲೇ ಓದಿಸಿ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಬೇಗ ಕಟ್ಟಿ, ಆದರೆ ಬಾಲಯೇಸುವಿನ ಮೂರ್ತಿ ಈಗಲೇ ಇಡಬೇಡಿ. ಪಕ್ಕದಲ್ಲಿ ಒಂದು ಹಿಡಿ ಬೈಹುಲ್ಲು ಇಡಿ. ಯಾರಿಗಾದರೂ ನೆರವಾದಾಗ ಮಕ್ಕಳು ಒಂದೊಂದು ಎಳೆ ಗೋದಲಿಯೊಳಗೆ ಹಾಸಲಿ. ಯಾರು ಜಾಸ್ತಿ ಹಾಕಿದರು ಅನ್ನೋ ಲೆಕ್ಕ ಬೇಡ. ನನ್ನ ಮೊಮ್ಮಗಳು ಅಜ್ಜನ ಚಪ್ಪಲಿ ಹುಡುಕಿಕೊಟ್ಟರೂ ಒಂದು ಎಳೆ ಹಾಕುತ್ತಾಳೆ. ನಾನು ಬೇಡ ಅನ್ನುವುದಿಲ್ಲ.

24ರ ರಾತ್ರಿ ಚರ್ಚ್‌ನಲ್ಲಿ ಬಲಿಪೂಜೆ (ಮಾಸ್) ಮುಗಿಸಿ ಬಂದ ಮೇಲೆ, ಮನೆಯ ಎಲ್ಲರಿಗಿಂತ ಚಿಕ್ಕವರ ಕೈಯಿಂದ ಮೂರ್ತಿ ಇಡಿಸಿ. ಕುಸ್ವಾರ್ ಡಬ್ಬ ತೆರೆಯುವುದು ಅದಾದ ಮೇಲೆ.