ಪುಟ್ಟ ಮಕ್ಕಳ ಜೊತೆ ದೂರದ ವಿಮಾನ: ಮೊದಲು ನಿದ್ದೆ, ಆಮೇಲೆ ಸೂಟ್‌ಕೇಸ್

ನಾವು ಮೊದಲ ಸಲ ಅಮೆರಿಕಕ್ಕೆ ಹೊರಟಾಗ ಮಗಳಿಗೆ ಒಂದು ವರ್ಷ ಎರಡು ತಿಂಗಳು. ಆ ಸಂಜೆ ಚಿಕ್ಕಬಳ್ಳಾಪುರದ ಮನೆ ತುಂಬ ನೆಂಟರು. ಮಗು ಒಬ್ಬರ ಕಂಕುಳಿಂದ ಇನ್ನೊಬ್ಬರ ಕಂಕುಳಿಗೆ ಹೋಗುತ್ತಲೇ ಇತ್ತು. ಮಧ್ಯಾಹ್ನದ ನಿದ್ದೆ ತಪ್ಪಿತು. ಯಾರೋ ಬಾಯಿಗೆ ಪಾಯಸ ಹಾಕಿದರು. ಬೆಳಗಿನ ಜಾವ ವಿಮಾನ ಹತ್ತುವ ಹೊತ್ತಿಗೆ ಅತ್ತೂ ಅತ್ತೂ ವಾಂತಿ ಮಾಡಿಕೊಂಡಿದ್ದಳು. ಮುಂದೆ ಇನ್ನೂ 20 ಗಂಟೆ ಪ್ರಯಾಣ ಬಾಕಿ ಇತ್ತು.

ಎರಡನೇ ಸಲ ಅವಳಿಗೆ ನಾಲ್ಕು ವರ್ಷ, ಅವಳ ತಮ್ಮನಿಗೆ ಹತ್ತು ತಿಂಗಳು. ಜೊತೆಗೆ ದೊಡ್ಡವಳು ಅಂತ ನಾನೊಬ್ಬಳೇ. ಆದರೂ ಆ ಪ್ರಯಾಣ ಎಷ್ಟೋ ಸಲೀಸಾಯಿತು. ಮಕ್ಕಳ ನಿದ್ದೆಯ ಲೆಕ್ಕ ಮೊದಲು ಹಾಕಿ, ಟಿಕೆಟ್, ಊಟ, ಬ್ಯಾಗು ಎಲ್ಲವನ್ನೂ ಅದಕ್ಕೆ ಹೊಂದಿಸಿದ್ದೆ, ಅಷ್ಟೇ.

ಹಂತ 1: ಕಾಗದ ಪತ್ರ

ಹಸುಗೂಸಿಗೂ ತನ್ನದೇ ಪಾಸ್‌ಪೋರ್ಟ್ ಬೇಕು, ವೀಸಾ ಬೇಕಾದ ದೇಶವಾದರೆ ವೀಸಾನೂ ಬೇಕು. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷ ಮಾತ್ರ ನಡೆಯುತ್ತದೆ. ದೊಡ್ಡವರ ಹಾಗೆ ಹತ್ತು ವರ್ಷ ಅಂದುಕೊಂಡು ಸುಮ್ನೆ ಇರಬೇಡಿ, ಈಗಲೇ ತೆಗೆದು ದಿನಾಂಕ ನೋಡಿ. ಅಪ್ಪ ಅಥವಾ ಅಮ್ಮ ಒಬ್ಬರೇ ಕರೆದುಕೊಂಡು ಹೋಗುವುದಾದರೆ, ಇನ್ನೊಬ್ಬರ ಒಪ್ಪಿಗೆ ಪತ್ರ ಮತ್ತು ಮಗುವಿನ ಜನನ ಪ್ರಮಾಣಪತ್ರದ ಪ್ರತಿ ಕೈಚೀಲದಲ್ಲಿರಲಿ. ಕೆಲವು ದೇಶಗಳಲ್ಲಿ ಕೇಳುತ್ತಾರೆ.

ಹಂತ 2: ಟಿಕೆಟ್ ಮತ್ತು ತೊಟ್ಟಿಲು

ಎರಡು ವರ್ಷ ತುಂಬದ ಮಗು ತೊಡೆಯ ಮೇಲೆ ಕೂರಬಹುದು. ಅಂತರರಾಷ್ಟ್ರೀಯ ವಿಮಾನದಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಶೇ 10ರಷ್ಟು ಹಣ ತಗೊಳ್ತಾರೆ. ಆದರೆ ವಾಪಸು ಬರುವ ಮೊದಲು ಎರಡು ತುಂಬಿದರೆ ಬರುವಾಗ ಪೂರ್ತಿ ಸೀಟು ಕೊಳ್ಳಲೇಬೇಕು. ಹುಟ್ಟಿದ ದಿನ ಮತ್ತು ವಾಪಸು ಬರುವ ದಿನ ಎರಡನ್ನೂ ಪಕ್ಕದಲ್ಲಿ ಬರೆದಿಟ್ಟು ಬುಕ್ ಮಾಡಿ.

ಕೂಸುಗಳಿಗೆ ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು ಸಿಗುತ್ತದೆ. ಅದಕ್ಕೆ ಬ್ಯಾಸಿನೆಟ್ ಅನ್ನುತ್ತಾರೆ. ಅದು ಇರುವುದು ಮುಂದೆ ಗೋಡೆ ಇರುವ ಸಾಲಿನಲ್ಲಿ ಮಾತ್ರ, ಅದೂ ಕೆಲವೇ. ತೂಕದ ಮಿತಿ ಹೆಚ್ಚು ಕಡಿಮೆ 10 ಕಿಲೋ ಸುತ್ತಮುತ್ತ. ನಮ್ಮ ಮೊದಲ ಪ್ರಯಾಣಕ್ಕೆ ಟಿಕೆಟ್ ಮಾಡಿಸಿದ ಏಜೆಂಟರು 'ತೊಟ್ಟಿಲು ಹೇಳಿದ್ದೀನಿ ಮೇಡಂ' ಎಂದಿದ್ದರು. ಒಳಗೆ ಹೋಗಿ ಕೇಳಿದರೆ ನಮ್ಮ ಹೆಸರಲ್ಲಿ ತೊಟ್ಟಿಲೇ ಇರಲಿಲ್ಲ. ಇಡೀ ರಾತ್ರಿ ನಾನೂ ಯಜಮಾನರೂ ಸರದಿಯಲ್ಲಿ ಮಗುವನ್ನು ಎದೆಗೆ ಒರಗಿಸಿಕೊಂಡು ಕೂತೆವು. ಹಾಗಾಗಿ ವಿಮಾನ ಸಂಸ್ಥೆಗೆ ನೀವೇ ಫೋನ್ ಮಾಡಿ, ಖಾತ್ರಿ ಮಾಡಿದ ಮೆಸೇಜು ಕಳಿಸಲು ಹೇಳಿ. ಅದೇ ಫೋನಿನಲ್ಲಿ ಮಕ್ಕಳ ಊಟವನ್ನೂ ಹೇಳಿಬಿಡಿ. ಸಸ್ಯಾಹಾರ ಬೇಕಾದರೆ ಬಿಡಿಸಿ ಹೇಳಬೇಕು, ಮಕ್ಕಳ ಊಟ ಅಂದರೆ ಎಷ್ಟೋ ಸಲ ಕೋಳಿ ಬರುತ್ತದೆ.

ವಿಮಾನ ಬದಲಿಸುವ ಊರಲ್ಲಿ ಕನಿಷ್ಠ ಮೂರು ಗಂಟೆ ಬಿಡುವು ಇರಲಿ. ದುಬೈಗೆ ಬೆಂಗಳೂರಿನಿಂದ ನಾಲ್ಕು ಗಂಟೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 16 ಗಂಟೆ. ಆ ಮೂರು ಗಂಟೆ ಮಕ್ಕಳು ಓಡಾಡಿ ಕಾಲು ಸಡಿಲ ಮಾಡಿಕೊಂಡರೆ ಮುಂದಿನ ವಿಮಾನದಲ್ಲಿ ಮಲಗುತ್ತಾರೆ.

ಹಂತ 3: ಬ್ಯಾಗು ತುಂಬುವಾಗ

ಕೈಚೀಲದಲ್ಲಿ ದ್ರವ ಪದಾರ್ಥ 100 ಮಿ.ಲೀ. ಮೀರಬಾರದು. ಆದರೆ ಪ್ರಯಾಣಕ್ಕೆ ಬೇಕಾದಷ್ಟು ಮಗುವಿನ ಹಾಲು, ಆಹಾರ, ಔಷಧಿಗೆ ವಿನಾಯಿತಿ ಇದೆ. ಭದ್ರತಾ ತಪಾಸಣೆಯಲ್ಲಿ ಅದನ್ನು ಬೇರೆ ತೆಗೆದು ತೋರಿಸಿ. ನಾನು ರಾಗಿ ಸರಿ ಹಿಟ್ಟನ್ನು ಸ್ವಲ್ಪ ಹುರಿದು, ಒಂದೊಂದು ಹೊತ್ತಿಗೆ ಆಗುವಷ್ಟು ಪುಟ್ಟ ಪೊಟ್ಟಣ ಕಟ್ಟಿಟ್ಟಿದ್ದೆ. ಬಿಸಿನೀರು ಕೇಳಿದರೆ ವಿಮಾನದವರು ಕೊಡುತ್ತಾರೆ, ಫ್ಲಾಸ್ಕ್ ಚಿಕ್ಕದೊಂದು ಜೊತೆಗಿರಲಿ. ಅಮೆರಿಕಕ್ಕೆ ಹೋಗುವಾಗ ಕೈಚೀಲದ ಪುಡಿ 350 ಮಿ.ಲೀ.ಗಿಂತ ಜಾಸ್ತಿ ಇದ್ದರೆ ಹೆಚ್ಚು ತಪಾಸಣೆ ಮಾಡುತ್ತಾರೆ. ಉಳಿದ ಹಿಟ್ಟು ದೊಡ್ಡ ಸೂಟ್‌ಕೇಸಿಗೆ ಹಾಕಿ.

ಡೈಪರು ಎರಡು ಗಂಟೆಗೆ ಒಂದರ ಲೆಕ್ಕ, ಮೇಲೆ ಐದಾರು. ಮಗುವಿಗೆ ಎರಡು ಜೊತೆ ಬಟ್ಟೆ, ನಿಮಗೂ ಒಂದು ಜೊತೆ. ಅಮ್ಮನ ಬಟ್ಟೆ ಎಲ್ಲರೂ ಮರೆಯುತ್ತಾರೆ. ವಾಂತಿ ಆಗುವುದು ಅವಳ ಮೈಮೇಲೇ ಅಲ್ವಾ?

ಅಜ್ಜಿಯರು ಪ್ರೀತಿಯಿಂದ ಕಟ್ಟಿಕೊಡುವುದರಲ್ಲಿ ಮೂರು ವಸ್ತು ಬೇಡ ಅನ್ನಲೇಬೇಕು. ತಿಪಟೂರಿನ ಕೊಬ್ಬರಿ: ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಗಸಗಸೆ: ದುಬೈ ಇರುವ ಯುಎಇಯಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಬರುತ್ತದೆ. ಸಾರಿನ ಪುಡಿಗೆ ಹಾಕಿದ್ದಾರಾ ಅಂತಲೂ ಕೇಳಿ. ಮೂರನೆಯದು ಹಣ್ಣು. ನಮ್ಮ ದ್ರಾಕ್ಷಿ, ಶ್ರೀನಿವಾಸಪುರದ ಮಾವು ಯಾವುದನ್ನೂ ಅಮೆರಿಕದೊಳಗೆ ಬಿಡುವುದಿಲ್ಲ. ಬೇರೆ ಆಹಾರವನ್ನೂ ಅಲ್ಲಿ ಇಳಿದಾಗ ಹೇಳಲೇಬೇಕು.

ಹಂತ 4: ಹೊರಡುವ ದಿನ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು.

ಮೊದಲು ತಾರೀಕು. 12ನೇ ತಾರೀಕು ಬೆಳಗಿನ ಜಾವ 4 ಗಂಟೆಯ ವಿಮಾನ ಅಂದರೆ 11ರ ರಾತ್ರಿಯೇ ಮನೆ ಬಿಡಬೇಕು. ನೆಂಟರನ್ನು ಅದಕ್ಕೂ ಹಿಂದಿನ ದಿನ, 10ಕ್ಕೇ ಊಟಕ್ಕೆ ಕರೆಯಿರಿ. ಹೊರಡುವ ದಿನ ಮನೆಗೆ ಯಾರೂ ಬರದಿರಲಿ. ಹೀಗೆ ಹೇಳುವುದು ಕಷ್ಟ, ನನಗೂ ಕಷ್ಟವಾಯಿತು. ದೊಡ್ಡತ್ತೆಗೆ ಫೋನ್ ಮಾಡಿ, 'ಅತ್ತೆ, ಮಗುಗೆ ನಿದ್ದೆ ಆಗ್ಲೇಬೇಕು, ನಾಳೆ ಬದಲು ಇವತ್ತೇ ಬನ್ನಿ' ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಮಧ್ಯಾಹ್ನ ಮಕ್ಕಳನ್ನು ತಪ್ಪದೆ ಮಲಗಿಸಿ. ಸಂಜೆ ಬೇಗ ಮೆತ್ತಗಿನ ಅನ್ನ ಮೊಸರು, ಏಳೂವರೆಗೆ ಮತ್ತೆ ನಿದ್ದೆ. ಹೊರಡುವ ಹೊತ್ತಿಗೆ ಎಬ್ಬಿಸದೆ ಹಾಗೇ ಎತ್ತಿಕೊಂಡು ಕಾರಿಗೆ ಹಾಕಿ. ಪ್ರಯಾಣದ ಬಟ್ಟೆ ಮಲಗುವಾಗಲೇ ತೊಡಿಸಿರಿ.

ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ವಿಮಾನ ನಿಲ್ದಾಣ ಸುಮಾರು 30 ಕಿ.ಮೀ., ಆದರೆ ಭಾನುವಾರ ಸಂಜೆ ನಂದಿಬೆಟ್ಟದಿಂದ ವಾಪಸಾಗುವ ಗಾಡಿಗಳ ದಟ್ಟಣೆ ಇರುತ್ತದೆ. ತುಮಕೂರಿನವರು ಬೆಂಗಳೂರು ನಗರದೊಳಗೆ ಹೋಗದೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ದಾರಿ ಹಿಡಿಯಬಹುದು. ಕೋಲಾರದವರಿಗೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮೇಲಿನ ದಾರಿ ಇದೆ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ಕ್ಕೆ ಬಂದಿವೆ. ಕಳಿಸಲು ಬಂದವರು ಬಾಗಿಲಲ್ಲೇ ನಿಲ್ಲಬೇಕು. ಅಲ್ಲಿ ಅಳು, ಅಪ್ಪುಗೆ ಶುರುವಾದರೆ ಮಗು ಎದ್ದುಬಿಡುತ್ತದೆ. ಆಶೀರ್ವಾದ, ಕಣ್ಣೀರು ಎಲ್ಲ ಮನೆಯ ದೇವರ ಮುಂದೆಯೇ ಮುಗಿಯಲಿ.

ಹಂತ 5: ವಿಮಾನದ ಒಳಗೆ

ಏರುವಾಗಲೂ ಇಳಿಯುವಾಗಲೂ ಕಿವಿ ನೋಯುತ್ತದೆ. ಕಿವಿಯಿಂದ ಗಂಟಲಿಗೆ ಒಂದು ಸಣ್ಣ ನಾಳ ಇದೆ. ನುಂಗಿದಾಗ ಅದು ತೆರೆದುಕೊಂಡು ಒಳಗಿನ ಒತ್ತಡ ಸರಿಹೋಗುತ್ತದೆ. ಇಳಿಯುವಾಗ ನೋವು ಹೆಚ್ಚು. ನೆಲ ಮುಟ್ಟುವ ಅರ್ಧ ಗಂಟೆ ಮೊದಲೇ ವಿಮಾನ ಇಳಿಯಲು ಶುರು ಮಾಡುತ್ತದೆ, ಆಗ ಎದೆಹಾಲು ಅಥವಾ ಬಾಟಲಿ ಕೊಡಿ. ಅದಕ್ಕೆ ಮೊದಲು ಹೊಟ್ಟೆ ತುಂಬಿಸಿಬಿಡಬೇಡಿ. ದೊಡ್ಡ ಮಗುವಿಗೆ ಸ್ಟ್ರಾ ಹಾಕಿದ ನೀರು ಸಾಕು. ನೆಗಡಿ, ಕಿವಿನೋವು ಇದ್ದರೆ ಹೊರಡುವ ಮೊದಲೇ ಡಾಕ್ಟರಿಗೆ ತೋರಿಸಿ.

ನಿದ್ದೆ ಬರಲಿ ಅಂತ ನೆಗಡಿ ಸಿರಪ್ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಕೆಲವು ಮಕ್ಕಳಿಗೆ ಅದರಿಂದ ನಿದ್ದೆ ಹೋಗಿ ಚಡಪಡಿಕೆ ಹೆಚ್ಚುತ್ತದೆ, ಪ್ರಮಾಣ ತಪ್ಪಿದರೆ ಉಸಿರಿಗೇ ಅಪಾಯ.

ಒಳಗಿನ ಗಾಳಿ ತುಂಬಾ ಒಣ, ಆಗಾಗ ನೀರು ಕುಡಿಸಿ. ವಿಮಾನ ಅಲುಗಾಡಿದರೆ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಳ್ಳಲು ಹೇಳುತ್ತಾರೆ, ಆಗ ಬೇಸರಪಡದೆ ಎತ್ತಿಕೊಳ್ಳಿ. ಮಗಳಿಗೆ ನಾನು ಹಳೇ ಸೀರೆಯ ತುಂಡು ಹೊದಿಸಿದ್ದೆ. ಆ ವಾಸನೆಗೇ ಮಲಗಿದಳು. ಆಟಿಕೆಗಳನ್ನು ಒಟ್ಟಿಗೆ ಕೊಡದೆ, ಎರಡು ಗಂಟೆಗೊಂದು ತೆಗೆಯಿರಿ.

ಹಂತ 6: ಇಳಿದ ಮೇಲೆ

ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಗೂ ನಮಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಹಗಲು ರಾತ್ರಿ ಪೂರ್ತಿ ತಲೆಕೆಳಗು. ಮಕ್ಕಳು ಒಂದು ವಾರ ರಾತ್ರಿ ಎರಡಕ್ಕೆ ಎದ್ದು ಊಟ ಕೇಳುತ್ತಾರೆ. ಬೈಯಬೇಡಿ, ಅವರ ಹೊಟ್ಟೆಗೆ ಅದು ಮಧ್ಯಾಹ್ನ. ಮಂದ ಬೆಳಕಲ್ಲಿ ಸ್ವಲ್ಪ ರಾಗಿ ಗಂಜಿ ಕೊಟ್ಟು, ಪಿಸುಮಾತಿನಲ್ಲೇ ಮತ್ತೆ ಮಲಗಿಸಿ. ಬೆಳಿಗ್ಗೆ ಬಿಸಿಲಿಗೆ ಕರೆದುಕೊಂಡು ಹೋಗಿ. ಮಕ್ಕಳು ಏಳುವ ರಾತ್ರಿ ಎರಡರ ಹೊತ್ತಿಗೆ ಊರಲ್ಲಿ ಮಧ್ಯಾಹ್ನ ಎರಡೂವರೆ, ಅಜ್ಜಿ ಎದ್ದಿರುತ್ತಾರೆ ಅಂತ ವಿಡಿಯೊ ಕಾಲ್ ಮಾಡಲು ಮನಸ್ಸಾಗುತ್ತದೆ. ಫೋನಿನ ಬೆಳಕಿಗೆ ಮಗುವಿನ ನಿದ್ದೆ ಪೂರ್ತಿ ಹಾರಿಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಮಾಡಿ. ಆಗ ಚಿಕ್ಕಬಳ್ಳಾಪುರದಲ್ಲಿ ಸಂಜೆ ಏಳೂವರೆ, ಎಲ್ಲರೂ ಮನೆಯಲ್ಲಿರುತ್ತಾರೆ.