ಕರೆಂಟು ಬರುವ ಹೊತ್ತಿನ ಪ್ರಾರ್ಥನೆ

2023ರ ಜುಲೈ. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ನನ್ನದು ಒಂದೆಕರೆ, ಇನ್ನೊಂದು ವಾರಕ್ಕೆ ಮೊದಲ ಸಲ ಕಾಯಿ ಕೀಳಬೇಕಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಗಿಡಗಳೆಲ್ಲ ನಿಂತೇ ಇವೆ, ಎಲೆ ಮಾತ್ರ ಜೋತುಬಿದ್ದಿವೆ. ನೀರು ಸಾಲಲಿಲ್ಲವೇನೋ ಅಂತ ಬುಡ ಮುಟ್ಟಿದೆ. ಗಿಡ ಕೈಗೇ ಬಂತು. ನೆಲದಿಂದ ಎರಡು ಬೆರಳು ಮೇಲೆ, ಸಾಲುಸಾಲಾಗಿ ಕುಡುಗೋಲು ಆಡಿಸಿದ್ದರು. ಗೂಟಕ್ಕೆ ದಾರ ಕಟ್ಟಿದ್ದರಿಂದ ಬಿದ್ದಿರಲಿಲ್ಲ, ಅಷ್ಟೆ.

ಯಾರು ಅಂತ ನನಗೆ ಗೊತ್ತು. ಪಕ್ಕದ ಹೊಲದವನ ಜೊತೆ ಬದುವಿನ ಜಗಳ ನನ್ನ ಯಜಮಾನರು ಇದ್ದಾಗಿನಿಂದಲೂ ಇತ್ತು. ಅವರು ಹೋದ ಮೇಲೆ ಜೋರಾಯಿತು. ಕಣ್ಣಾರೆ ಕಂಡವರಿಲ್ಲ.

ನಮ್ಮ ಚರ್ಚಿನ ಸಭೆಯವರು ಮನೆಗೆ ಬಂದರು. "ಎಲ್ಲಾ ದೇವರ ಚಿತ್ತ ಅಕ್ಕಾ, ಸ್ತೋತ್ರ ಅನ್ನಿ" ಅಂದರು ಒಬ್ಬರು. ಕುಡುಗೋಲು ಹಿಡಿದದ್ದು ದೇವರೇನಮ್ಮ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಬೈಬಲಿನಲ್ಲಿ, ಸತ್ತ ಲಾಜರನ ಸಮಾಧಿ ಹತ್ತಿರ ಯೇಸು ಸ್ತೋತ್ರ ಹೇಳಿ ಅಂತ ಅವನ ಒಡಹುಟ್ಟಿದ ಮಾರ್ಥಳಿಗೂ ಮರಿಯಳಿಗೂ ಹೇಳಲಿಲ್ಲ, ತಾನೂ ಅತ್ತ. ಆದರೂ ಎರಡು ಭಾನುವಾರ ಎಲ್ಲರ ಜೊತೆ ಕೈಯೆತ್ತಿ ಹಾಡಿದೆ, ದಾರಕ್ಕೆ ಕಟ್ಟಿದ ಆ ಗಿಡಗಳ ಹಾಗೆ.

ನನಗೆ ಉಪಯೋಗಕ್ಕೆ ಬಂದದ್ದು ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಹೇಳಿದ ಒಂದು ಮಾತು: ಬೈಬಲಿನ 13ನೇ ಕೀರ್ತನೆ ತೆಗೆದು ಜೋರಾಗಿ ಓದಮ್ಮ, ನಾಚಿಕೊಳ್ಳಬೇಡ. ಮೊದಲ ಎರಡೇ ವಚನದಲ್ಲಿ "ಎಷ್ಟರವರೆಗೆ" ಅಂತ ನಾಲ್ಕು ಸಲ ಬರುತ್ತದೆ. ಆ ಎರಡು ವಚನ ಬರೀ ದೂರು. ನೂರೈವತ್ತು ಕೀರ್ತನೆಗಳಲ್ಲಿ ಇಂಥ ಗೋಳಾಟ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲದೆ. ಪ್ರವಾದಿ ಹಬಕ್ಕೂಕನೂ ಹೀಗೇ. ಅಂಜೂರ ಚಿಗುರದಿದ್ದರೂ ದೇವರಲ್ಲಿ ಉಲ್ಲಾಸಪಡುವೆನು ಅನ್ನುವ ಅವನ ಕೊನೆಯ ಮಾತನ್ನು ಕ್ಯಾಲೆಂಡರಿಗೆ ಹಾಕುತ್ತಾರೆ. ಎಷ್ಟು ಕಾಲ ಕೂಗಲಿ, ನೀನು ಕೇಳಿಸಿಕೊಳ್ಳುವುದಿಲ್ಲವಲ್ಲ ಅಂತ ಅವನು ಶುರುಮಾಡಿದ್ದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ನಮ್ಮ ಕಡೆ ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬರುತ್ತಿತ್ತು. ಹೋಗಿ ಸ್ಟಾರ್ಟರ್ ಒತ್ತಬೇಕು, ನೀರು ಎತ್ತುವವರೆಗೆ ಅಲ್ಲೇ ಇರಬೇಕು. ಆ ಹೊತ್ತನ್ನೇ ಪ್ರಾರ್ಥನೆಗೆ ಇಟ್ಟುಕೊಂಡೆ. ಮೊದಲು ಒಂದು ಕೀರ್ತನೆ, ಬಾಯಿಬಿಟ್ಟು. ಆಮೇಲೆ ಆ ಪಕ್ಕದ ಹೊಲದವನ ಹೆಸರು ಹಿಡಿದು ನಡೆದದ್ದೆಲ್ಲ ದೇವರಿಗೆ ಹೇಳುವುದು. ಕೊನೆಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ, ಎಲ್ಲಿ ನಾಲಿಗೆ ಏಳುವುದಿಲ್ಲವೋ ಅಲ್ಲಿಗೆ ನಿಲ್ಲಿಸುವುದು. ಎರಡು ತಿಂಗಳು "ನಮಗೆ ತಪ್ಪುಮಾಡಿದವರನ್ನು" ಅನ್ನುವಲ್ಲಿಗೇ ನಿಂತುಹೋಗುತ್ತಿತ್ತು. ಸುಳ್ಳು ಹೇಳುವುದಕ್ಕಿಂತ ಅದೇ ಮೇಲು ಅಂತ ಮನೆಗೆ ಬರುತ್ತಿದ್ದೆ.

ನಡುವೆ ಒಂದು ವಾರ 109ನೇ ಕೀರ್ತನೆ ಓದಿದೆ. ಅದು ಶಾಪದ ಕೀರ್ತನೆ, ವೈರಿಯ ಹೆಂಡತಿ ವಿಧವೆಯಾಗಲಿ ಅನ್ನುವಷ್ಟು. ಮೊದಲ ದಿನ ಬಲು ರುಚಿಯಾಗಿತ್ತು. ಐದನೇ ದಿನ ಆ ಮಾತಿಗೆ ಬಂದಾಗ ನನ್ನ ಕೈ ತಾನಾಗಿ ಬರಿಗೊರಳಿಗೆ ಹೋಯಿತು. ಮುಂದಕ್ಕೆ ಓದಲಿಲ್ಲ. ಕುಡುಗೋಲು ನನ್ನ ಮನೆಯಲ್ಲೂ ಇತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಕೋಪವೆಲ್ಲ ದೇವರ ಮುಂದೆ ಸುರಿದದ್ದಕ್ಕೇ ಅದು ಗೋಡೆಯಲ್ಲೇ ಉಳಿಯಿತು.

ಠಾಣೆಗೂ ಹೋದೆ. ದೂರು ಕೊಟ್ಟವಳು ಕ್ಷಮಿಸುವುದು ಹೇಗೆ ಅಂತ ಕೇಳಿದವರಿದ್ದಾರೆ. ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆಯ ಸಾಲಿನ ಬೆನ್ನಿಗೇ "ಕೇಡಿನಿಂದ ನಮ್ಮನ್ನು ತಪ್ಪಿಸು" ಅಂತ ಇದೆ, ಕೇಡನ್ನು ಕೇಡು ಅಂತಲೇ ಕರೆದು. ಅಪೊಸ್ತಲ ಪೌಲನೂ ರೋಮಿನ ಚಕ್ರವರ್ತಿ ಕೈಸರನ ಮುಂದೆಯೇ ನ್ಯಾಯ ಬೇಕು ಅಂತ ಹಟ ಹಿಡಿದವನು. ಬೇಸರಪಡದೆ ಪ್ರಾರ್ಥಿಸಬೇಕು ಅನ್ನುವುದಕ್ಕೆ ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ತೋರಿಸಿದ್ದು ಯಾರನ್ನು? ಅನ್ಯಾಯಗಾರ ನ್ಯಾಯಾಧಿಪತಿಯ ಹತ್ತಿರ ಮತ್ತೆಮತ್ತೆ ಹೋಗಿ ಪೀಡಿಸಿದ ಒಬ್ಬ ವಿಧವೆಯನ್ನು. ಅವಳ ಊರು ಹೇಳಿಲ್ಲ. ನಮ್ಮ ತಾಲ್ಲೂಕಿನವಳೇ ಇರಬೇಕು. ನಾನು ಹನ್ನೊಂದು ಸಲ ಹೋದೆ. ಇವತ್ತಿಗೂ ಏನೂ ಆಗಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಅವನ ಬೋರು ನಿಂತಿತು. ಸಾವಿರ ಅಡಿ ದಾಟಿದ ಬೋರುಗಳು ನಮ್ಮಲ್ಲಿ ಹೀಗೇ, ಹೇಳದೆ ಕೇಳದೆ ನಿಲ್ಲುತ್ತವೆ. ಅವನು ಬರಲಿಲ್ಲ, ಹೆಂಡತಿಯನ್ನು ಕಳಿಸಿದ. "ಅಕ್ಕಾ, ಹಸುಗಳಿಗೆ ಎರಡು ಡ್ರಮ್ಮು" ಅಂದಳು, ನನ್ನ ಮುಖ ನೋಡದೆ. ವೈರಿ ಬಾಯಾರಿದ್ದರೆ ಕುಡಿಯಲಿಕ್ಕೆ ಕೊಡು, ಅವನ ತಲೆಯ ಮೇಲೆ ಕೆಂಡ ಸುರಿದಂತಾಗುತ್ತದೆ ಅಂತ ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ನಿಜ ಹೇಳಬೇಕೆಂದರೆ ನನಗೆ ಆಸೆ ಇದ್ದದ್ದು ಆ ಕೆಂಡದ ಮೇಲೆ. ಪೈಪು ಬಿಟ್ಟೆ, ಮಾತಾಡಿಸಲಿಲ್ಲ. ಮನಸ್ಸು ಹಗುರವೂ ಆಗಲಿಲ್ಲ. ಮಾರನೇ ದಿನ ಅವಳೇ ಬಂದಳು, ಮತ್ತೆ ಬಿಟ್ಟೆ. ನಾಲ್ಕನೆಯ ದಿನವೋ ಐದನೆಯ ದಿನವೋ "ಕರು ಹಾಕಿತೇನೇ?" ಅಂತ ಕೇಳಿದ್ದೆ. ಕೇಳಿದ ಮೇಲೆ ನನಗೇ ಆಶ್ಚರ್ಯ.

ಅವನು ಈವರೆಗೆ ಒಂದು ಮಾತೂ ಆಡಿಲ್ಲ. ಆಡುತ್ತಾನೆ ಅಂತ ಕಾದುಕೊಂಡೂ ಕೂತಿಲ್ಲ. ಈ ಸಲ ಅರ್ಧ ಎಕರೆಗೇ ಸಸಿ ನಾಟಿದ್ದೇನೆ. ರಾತ್ರಿ ಎರಡಕ್ಕೆ ಟಾರ್ಚು ಹಿಡಿದು ಹೋಗುತ್ತೇನೆ. ಆ ಕ್ಷಮೆಯ ಸಾಲು ಕೆಲವು ರಾತ್ರಿ ಬಾಯಿಂದ ಹೊರಡುತ್ತದೆ, ಕೆಲವು ರಾತ್ರಿ ಇಲ್ಲ. ಅದರ ಮುಂದಿನದನ್ನು ಮಾತ್ರ ಬದುವಿನ ಆಚೆಗೂ ಕೇಳುವ ಹಾಗೆ ಹೇಳುತ್ತೇನೆ.