ಗಾಯ ಕೇಳಿದಾಗ ಔಷಧ ಬಿಡುವ ಹಾಳೆ: ನನ್ನ ಅನುಭವ

ಮಧುಮೇಹ ಇರುವವರ ಕಾಲಿನ ಗಾಯಕ್ಕೆ ಔಷಧ ಬಿಡುವ ಜೆಲ್ ಹಾಳೆ ಮಾಡುವುದು ಲ್ಯಾಬಿನಲ್ಲಿ ನನ್ನ ಕೆಲಸ. ಯಾವ ಔಷಧ ಹಾಕಬೇಕು ಅನ್ನೋದೇ ದೊಡ್ಡ ಪ್ರಶ್ನೆ ಅಂದುಕೊಂಡು ಶುರು ಮಾಡಿದೆ. ಅದು ಯಾವಾಗ, ಎಷ್ಟು ಹೊರಬರಬೇಕು ಅನ್ನೋದು ಇನ್ನೂ ದೊಡ್ಡ ಪ್ರಶ್ನೆ ಅಂತ ಆಮೇಲೆ ಗೊತ್ತಾಯಿತು.

ಆರಿಸಿದ್ದು ಡಾಕ್ಸಿಸೈಕ್ಲಿನ್. ಅದು ಆಂಟಿಬಯಾಟಿಕ್ ಅಂತ ಎಲ್ಲರಿಗೂ ಗೊತ್ತು. ನನಗೆ ಬೇಕಿದ್ದದ್ದು ಅದರ ಇನ್ನೊಂದು ಗುಣ. ಮಾಮೂಲಿ ಗಾಯದಲ್ಲಿ ಎಂಎಂಪಿ ಎಂಬ ಕಿಣ್ವಗಳು ಹಾಳಾದ ಅಂಗಾಂಶವನ್ನು ಕರಗಿಸಿ ಆಮೇಲೆ ತಗ್ಗುತ್ತವೆ. ಮಧುಮೇಹದ ಗಾಯದಲ್ಲಿ ಅವು ತಗ್ಗುವುದೇ ಇಲ್ಲ. ಚರ್ಮಕ್ಕೆ ಬಲ ಕೊಡುವ ಕೊಲಾಜನ್ ಎಂಬ ಪ್ರೋಟೀನ್ ಹೊಸದಾಗಿ ಹುಟ್ಟಿದರೆ ಅದನ್ನೂ ತಿಂದು ಹಾಕುತ್ತವೆ. ಡಾಕ್ಸಿಸೈಕ್ಲಿನ್ ಅವಕ್ಕೆ ಕಡಿವಾಣ ಹಾಕುತ್ತದೆ.

ಮೊದಲ ಹಾಳೆ ಸುಲಭವಾಗಿ ಬಂತು. ಕಡಲಕಳೆಯಿಂದ ಸಿಗುವ ಸೋಡಿಯಂ ಆಲ್ಜಿನೇಟ್ ಕರಗಿಸಿ, ಔಷಧ ಬೆರೆಸಿ, ಅಚ್ಚಿಗೆ ಹೊಯ್ದು, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದೆ. ಜೆಲ್ ಗಟ್ಟಿಯಾಯಿತು. ಆದರೆ ಸುತ್ತಲಿನ ನೀರು ಕಣ್ಣೆದುರೇ ಹಳದಿಯಾಗತೊಡಗಿತು. ಹಾಳೆ ಇನ್ನೂ ಗಾಯ ಮುಟ್ಟಿಲ್ಲ, ಔಷಧ ಆಗಲೇ ಸೋರುತ್ತಿದೆ! ಉಳಿದದ್ದು 37 ಡಿಗ್ರಿಯ ಫಾಸ್ಫೇಟ್ ಬಫರಿನಲ್ಲಿ (ಆಮ್ಲೀಯತೆ ಬದಲಾಗದಂತೆ ಕಾಯುವ ದ್ರಾವಣ) ಕೆಲವೇ ಗಂಟೆಗಳಲ್ಲಿ ಹೊರಬಂತು. ಬೆಳಿಗ್ಗೆ ನೋಡಿದರೆ ಹಾಳೆಯೇ ಲೋಳೆಯಾಗಿತ್ತು.

ಎರಡು ವಾರ ಸುಮ್ನೆ ಆಲ್ಜಿನೇಟನ್ನು ದೂರಿದೆ. ತಪ್ಪು ಬಫರಿನದು. ಆಲ್ಜಿನೇಟನ್ನು ಹಿಡಿದಿಟ್ಟಿರುವುದು ಕ್ಯಾಲ್ಸಿಯಂ, ಫಾಸ್ಫೇಟ್ ಅದನ್ನೇ ಎಳೆದುಕೊಳ್ಳುತ್ತದೆ. ಅಂದಿನಿಂದ ಟ್ರಿಸ್ ಎಂಬ ಬೇರೆ ಬಫರಿಗೆ ಉಪ್ಪು, ಕ್ಯಾಲ್ಸಿಯಂ, ಆಲ್ಬುಮಿನ್ ಎಂಬ ಪ್ರೋಟೀನ್ ಸೇರಿಸಿದ ಕೃತಕ ಗಾಯದ ದ್ರವದಲ್ಲೇ ಪರೀಕ್ಷೆ. ಅದೂ ಬೀಕರ್ ತುಂಬ ಅಲ್ಲ, ಸ್ವಲ್ಪವೇ. ನಿಜವಾದ ಗಾಯದಲ್ಲಿ ಅಷ್ಟೊಂದು ನೀರು ಎಲ್ಲಿರುತ್ತದೆ, ಅಲ್ವಾ?

ಸೋರಿಕೆ ತಡೆಯಲು ದಾರಿ ತೋರಿಸಿದ್ದು ಆ ಎಂಎಂಪಿ ಕಿಣ್ವಗಳೇ. ಎಂಎಂಪಿ-2 ಮತ್ತು ಎಂಎಂಪಿ-9ಕ್ಕೆ ಜೆಲಾಟಿನೇಸ್ ಅಂತಲೇ ಹೆಸರು, ಕೊಲಾಜನ್ನಿನಿಂದ ಸಿಗುವ ಜೆಲಾಟಿನ್ ಕತ್ತರಿಸುವುದು ಅವುಗಳ ಕೆಲಸ. ಹಾಗಾದರೆ ಔಷಧವನ್ನು ಜೆಲಾಟಿನ್ ಕಣಗಳಿಗೆ ತುಂಬಿ, ಆ ಕಣಗಳನ್ನು ಹಾಳೆಯಲ್ಲಿ ಹುದುಗಿಸಿದರೆ? ಕಿಣ್ವ ಜಾಸ್ತಿ ಇದ್ದಲ್ಲಿ ಕಣ ಬೇಗ ಒಡೆದು ಔಷಧ ಬಿಡುತ್ತದೆ. ಔಷಧ ಕಿಣ್ವವನ್ನು ತಗ್ಗಿಸುತ್ತದೆ. ಕಿಣ್ವ ತಗ್ಗಿದರೆ ಕಣ ಒಡೆಯುವುದೂ ನಿಧಾನ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಕಣಗಳನ್ನು ಗಟ್ಟಿ ಮಾಡಲು ಗ್ಲುಟರಾಲ್ಡಿಹೈಡ್ ಎಂಬ ಮಾಮೂಲಿ ರಾಸಾಯನಿಕ ಬಿಟ್ಟು, ಗಿಡದ ಹಣ್ಣಿನಿಂದ ಸಿಗುವ ಜೆನಿಪಿನ್ ಹಿಡಿದೆ. ಜೀವಕೋಶಗಳಿಗೆ ಅದರ ವಿಷ ಕಡಿಮೆ. ಗಟ್ಟಿಯಾಗುತ್ತಾ ಹೋದಂತೆ ಕಣಗಳು ಕಡು ನೀಲಿಗೆ ತಿರುಗುತ್ತವೆ. ಜಾಸ್ತಿ ಹೊತ್ತು ಬಿಟ್ಟರೆ ಕಿಣ್ವಕ್ಕೂ ಜಗ್ಗುವುದಿಲ್ಲ, ಬೇಗ ತೆಗೆದರೆ ಬೆಚ್ಚಗಿನ ನೀರಿಗೇ ಕರಗುತ್ತವೆ. ಸರಿಯಾದ ಹೊತ್ತು ಸಿಗಲು ತಿಂಗಳುಗಳೇ ಬೇಕಾದವು. ಕೊನೆಗೆ ಕಿಣ್ವ ಹಾಕಿದ ಬಾಟಲಿ, ಹಾಕದ ಬಾಟಲಿ ಎರಡನ್ನೂ ಪಕ್ಕಪಕ್ಕ ಇಟ್ಟೆ. ಮೊದಲ ದಿನ ಎರಡೂ ಸ್ವಲ್ಪ ಹಳದಿಯಾದವು. ಇಷ್ಟು ಸಣ್ಣ ಅಣುವನ್ನು ಪೂರ್ತಿ ತಡೆಯಲು ಆಗುವುದಿಲ್ಲ. ಆಮೇಲೆ ಕಿಣ್ವ ಇದ್ದದ್ದರಲ್ಲಿ ಬಣ್ಣ ಏರುತ್ತಲೇ ಹೋಯಿತು, ಇನ್ನೊಂದರಲ್ಲಿ ಹೆಚ್ಚುಕಡಿಮೆ ಅಲ್ಲೇ ನಿಂತಿತು.

ಇದು ಇನ್ನೂ ಯಾವ ರೋಗಿಯ ಕಾಲನ್ನೂ ಮುಟ್ಟಿಲ್ಲ. ದಿನಾ ಡ್ರೆಸ್ಸಿಂಗ್ ಮಾಡುವ ನರ್ಸ್ ಒಬ್ಬರಿಗೆ ಹಾಳೆ ತೋರಿಸಿದೆ. ಅದನ್ನು ಬೆಳಕಿಗೆ ಹಿಡಿದು, "ಇಷ್ಟು ನೀಲಿ ಇದ್ದರೆ ಗಾಯ ಕೆಂಪಗಿದೆಯೋ ಕಪ್ಪಾಗಿದೆಯೋ ಹೇಗೆ ನೋಡೋದು?" ಅಂದರು. ನನಗೆ ಹೊಳೆದೇ ಇರಲಿಲ್ಲ. ಈಗ ಕಣಗಳನ್ನು ಕಡಿಮೆ ಮಾಡಿ ಹಾಳೆಯನ್ನು ತೆಳುವಾಗಿಸಿದ್ದೇನೆ. ಅಚ್ಚಾದ ಕಾಗದದ ಮೇಲಿಟ್ಟರೆ ಕೆಳಗಿನ ಅಕ್ಷರ ಓದಲು ಬರುತ್ತದೆ.